ಸರ್ವೆ, ಗಾಳಿ ಮರ, ಪೈನ್

ಲಿಫ್ಟಿನ ಬಾಗಿಲು ತೆರೆದಾಗ ಮೊದಲು ಕಂಡದ್ದು ಮರದ ಕೊಂಬೆ, ಆಮೇಲೆ ಅದನ್ನು ತಬ್ಬಿಕೊಂಡು ನಿಂತಿದ್ದ ಹೆಂಗಸು. ನಾವು ಕುವೈತಿನ ಬ್ನೇದ್ ಅಲ್ ಗಾರ್‌ನ ಹಳೆಯ ಫ್ಲ್ಯಾಟು ಬಿಟ್ಟು ಎಗೈಲಾಕ್ಕೆ ಬಂದು ಮೂರು ವಾರವೂ ಆಗಿರಲಿಲ್ಲ. ಡಿಸೆಂಬರ್ ತಿಂಗಳು. ಎರಡು ದಿನ ಬಿಡದೆ ಶಮಾಲ್ ಗಾಳಿ ಬೀಸಿ ಕಿಟಕಿಯ ಸಂದಿಗಳಲ್ಲೆಲ್ಲ ಮರಳು ಕೂತಿತ್ತು. ನಾನು ಒಂದು ಕೈಯಲ್ಲಿ ಕಸದ ಚೀಲ ಹಿಡಿದು, ಇನ್ನೊಂದು ಕೈಯಲ್ಲಿ ಫೋನು ಹಿಡಿದು, ಹೊಸ ಮನೆಯ ಕಿಟಕಿಗಳ ಬಗ್ಗೆ ಗಂಡನ ಮೇಲೆ ರೇಗುತ್ತಾ ಕೆಳಗೆ ಹೊರಟಿದ್ದೆ. ಲಿಫ್ಟು ಮೇಲಕ್ಕೆ ಹೋಗುತ್ತಿದೆ ಎಂಬುದನ್ನೂ ನೋಡದೆ ಒಳಗೆ ಕಾಲಿಟ್ಟೆ.

“ಬನ್ನಿ, ಜಾಗ ಉಂಟು. ಕ್ರಿಸ್ಮಸ್ ಟ್ರೀ ಇದು, ಚುಚ್ಚುವುದಿಲ್ಲ” ಎಂದರು ಆಕೆ. ನನ್ನ ಕನ್ನಡದ ಜಗಳ ಅವರಿಗೆ ಕೇಳಿಸಿತ್ತು. ಅವರ ಮಾತಿನಿಂದ ಮಂಗಳೂರು ಕಡೆಯವರೆಂದು ನನಗೂ ತಿಳಿಯಿತು.

ಬೇರೆ ಯಾರಾದರೂ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ನನ್ನ ಬಾಯಿ ಸುಮ್ಮನಿರಬೇಕಲ್ಲ. ಮಂಡ್ಯದ ಕಡೆಯ ಪಿಯು ಕಾಲೇಜೊಂದರಲ್ಲಿ ಹದಿನಾಲ್ಕು ವರ್ಷ ಸಸ್ಯಶಾಸ್ತ್ರ ಹೇಳಿಕೊಟ್ಟವಳು ನಾನು. ಗಿಡಕ್ಕೆ ತಪ್ಪು ಹೆಸರು ಹೇಳಿದರೆ, ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ ಅಲ್ಲೇ ತೆಗೆದು ಪಕ್ಕಕ್ಕಿಡದಿದ್ದರೆ ನನಗೆ ಸಮಾಧಾನವಿಲ್ಲ.

“ಇದು ಕ್ರಿಸ್ಮಸ್ ಟ್ರೀ ಅಲ್ಲ ಕಣ್ರೀ, ಸರ್ವೆ. ದೇವದಾರು ಇದೆಯಲ್ಲ, ಆ ಕೋನಿಫರ್ ಜಾತಿಗೇ ಸೇರಿದ್ದಲ್ಲ.”

“ಸರ್ವೆಯಾ? ನಾವು ಗಾಳಿ ಮರ ಹೇಳುವುದು ಇದಕ್ಕೆ. ಊರಲ್ಲಿ ಕಡಲ ಬದಿ ಪೂರಾ ಇದೇ. ನಮ್ಮ ಗೋದಲಿಯ ಹತ್ತಿರ ನಿಲ್ಲಿಸುವುದೂ ಇದನ್ನೇ.”

ಗೋದಲಿ ಎಂದರೆ ಏಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿ ಎಂದು ಆಮೇಲೆ ತಿಳಿಯಿತು. ಆಗ ಮಾತ್ರ ನಾನು ಕಸದ ಚೀಲವನ್ನು ಕೆಳಗಿಟ್ಟು, ಕೊಂಬೆಯಿಂದ ಒಂದು ಎಳೆ ಕಿತ್ತು, ಪಾಠ ಶುರುಮಾಡಿದ್ದೆ. ಸೂಜಿಯ ಹಾಗೆ ಕಾಣುವ ಇದು ಎಲೆಯಲ್ಲ, ಕಾಂಡ. ಗಿಣ್ಣು ಗಿಣ್ಣಾಗಿದೆ ನೋಡಿ. ಆ ಗಿಣ್ಣಿನ ಸುತ್ತ ಕಣ್ಣಿಗೆ ಕಾಣದಷ್ಟು ಚಿಕ್ಕ ಹಲ್ಲುಗಳಿವೆಯಲ್ಲ, ಅವೇ ಎಲೆಗಳು. ಆಕೆ ಕನ್ನಡಕ ಮೇಲೇರಿಸಿ ನೋಡಿದರು. ಅವರ ಏಳನೇ ಮಹಡಿ ಬಂದು ಬಾಗಿಲು ತೆರೆದು ಮುಚ್ಚಿಕೊಂಡಿತು, ನಾವಿಬ್ಬರೂ ಮತ್ತೆ ಕೆಳಗೆ ಬಂದೆವು.

“ಟೀಚರಾ ನೀವು?”

“ಆಗಿದ್ದೆ.”

“ಆಗಿದ್ದೆ ಅಂತ ಉಂಟಾ? ಟೀಚರ್ ಅಂದ್ರೆ ಟೀಚರೇ” ಎಂದರು.

ಇಕಾಮಾದ, ಅಂದರೆ ಇಲ್ಲಿನ ವಾಸದ ಪರವಾನಗಿಯ, ಪ್ರಕಾರ ನಾನು ಗಂಡನ ಅವಲಂಬಿತೆ, ಅಷ್ಟೇ. ಒಂಬತ್ತು ವರ್ಷಗಳಲ್ಲಿ ಯಾರೂ ನನ್ನನ್ನು ಟೀಚರ್ ಎಂದಿರಲಿಲ್ಲ. ಆಕೆ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು, ಇಡೀ ಕಟ್ಟಡಕ್ಕೆ ಸಿಸ್ಟರ್. ಅಂದಿನಿಂದ ನಾನೂ ಸಿಸ್ಟರ್ ಎಂದೇ ಕರೆದೆ. ಕ್ರಿಸ್ಮಸ್ಸಿನ ಮಾರನೆಯ ದಿನ ಅವರು ಕುಸ್ವಾರ್ ತಿಂಡಿಗಳು ತುಂಬಿದ ತಟ್ಟೆ ತಂದುಕೊಟ್ಟರು. ಸಂಕ್ರಾಂತಿಗೆ ನಾನು ಎಳ್ಳು ಬೆಲ್ಲ ಕೊಟ್ಟೆ. ಹೀಗೆ ನಮ್ಮ ಸ್ನೇಹ ಗಟ್ಟಿಯಾಯಿತು.

ಕೊಂಬೆ ಎಲ್ಲಿಂದ ಬಂತು ಎಂಬ ಕುತೂಹಲ ನನ್ನನ್ನು ಬಿಡಲಿಲ್ಲ. ಸಿಸ್ಟರ್ ದಾರಿ ಹೇಳಿದ್ದರು. ಮನೆಯಿಂದ ಹತ್ತು ನಿಮಿಷ ನಡೆದರೆ ದೊಡ್ಡ ರಸ್ತೆ, ಅದರಾಚೆ ಒಂದು ಮಸೀದಿ, ಮಸೀದಿಯ ಹಿಂದೆ ಕಡಲಿನವರೆಗೆ ಮರಗಳ ತೋಪು. ಅವರು ಪ್ರತಿ ಡಿಸೆಂಬರಿನಲ್ಲಿ ಗಾಳಿ ಬೀಸಿದ ಮಾರನೆಯ ದಿನ ಡ್ಯೂಟಿಯಿಂದ ಬರುತ್ತಾ ರಸ್ತೆಯ ಅಂಚಿನಲ್ಲಿ ಮುರಿದು ಬಿದ್ದ ಕೊಂಬೆಯನ್ನು ಆರಿಸಿ ತರುತ್ತಿದ್ದರು. ಮರದಿಂದ ಮುರಿಯುತ್ತಿರಲಿಲ್ಲ. ಒಳಗೆ ಹೋಗಲು ಮೊಣಕಾಲು ಬಿಡುತ್ತಿರಲಿಲ್ಲ, ಮರಳಿನಲ್ಲಿ ಹೂತುಹೋಗುತ್ತದೆ ಎನ್ನುತ್ತಿದ್ದರು.

“ಶುಕ್ರವಾರ ಸರ್ವೆಗೆ ಹೋಗ್ತೀನಿ ಕಣ್ರೀ” ಎಂದೆ ಗಂಡನಿಗೆ.

ಅವರು ಸಿವಿಲ್ ಎಂಜಿನಿಯರು. ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, “ಯಾರ ಸೈಟಂತೆ? ನಿನ್ನನ್ಯಾಕೆ ಕರೆದ್ರು?” ಎಂದರು. ಜಮೀನು ಅಳೆಯುವ ಸರ್ವೆ ಬಿಟ್ಟರೆ ಅವರಿಗೆ ಇನ್ನೊಂದು ಸರ್ವೆ ಗೊತ್ತಿಲ್ಲ. ಹುಟ್ಟಿದ್ದು ಮೈಸೂರಿನಲ್ಲಿ, ಕಟ್ಟಡಕ್ಕೆ ಕಟ್ಟುವ ಸರ್ವೆ ಕಂಬಗಳ ಮಧ್ಯೆಯೇ ಓಡಾಡಿದವರು. ಆ ಕಂಬ ಒಂದು ಕಾಲಕ್ಕೆ ಮರವಾಗಿತ್ತು ಎಂಬುದು ಅವರ ತಲೆಗೆ ಹೊಳೆದೇ ಇರಲಿಲ್ಲ.

ತೋಪಿನೊಳಗೆ ಕಾಲಿಟ್ಟ ಕೂಡಲೇ ರಸ್ತೆಯ ಗದ್ದಲ ಅಡಗಿತು. ಮೇಲಿನಿಂದ ಸುಯ್ ಎಂಬ ಸದ್ದು, ಕೆಳಗೆ ಕಂದು ಬಣ್ಣದ ಎಳೆಗಳ ಹಾಸು. ಕಾಲಿಟ್ಟರೆ ಮೆತ್ತಗೆ ಕುಸಿದು ಮತ್ತೆ ಮೇಲೇಳುತ್ತಿತ್ತು. ಚಿಕ್ಕವಳಿದ್ದಾಗ ಆಡುತ್ತಿದ್ದ ಆಟ ನೆನಪಾಯಿತು. ಎಳೆಯೊಂದನ್ನು ಯಾವುದೋ ಗಿಣ್ಣಿನಲ್ಲಿ ಬಿಡಿಸಿ, ಮತ್ತೆ ಕೂಡಿಸಿ, ಎಲ್ಲಿ ಬಿಡಿಸಿದ್ದು ಹೇಳು ಎಂದು ಗೆಳತಿಯ ಮುಂದೆ ಹಿಡಿಯುವುದು. ನಲವತ್ತಾರರ ವಯಸ್ಸಿನಲ್ಲಿ ಒಬ್ಬಳೇ ನಿಂತು ಆ ಆಟ ಆಡಿದೆ. ಒಂದು ಸಲ ನನಗೇ ನಾನು ಸೋತೆ.

ಮರಗಳ ಮಧ್ಯೆ ಅಲ್ಲಲ್ಲಿ ಅಥಲ್ ಮರಗಳೂ ಇದ್ದವು. ದೂರದಿಂದ ಅವೂ ಸೂಜಿ ಎಲೆಯವೇ ಎನ್ನಿಸುತ್ತವೆ. ಹತ್ತಿರ ಹೋಗಿ ಒಂದು ಕಡ್ಡಿ ನಾಲಿಗೆಗೆ ತಾಗಿಸಿದರೆ ಉಪ್ಪು. ಬೇರಿನಿಂದ ಹೀರಿದ ಉಪ್ಪನ್ನು ಅದು ಕಡ್ಡಿಯ ಮೇಲೆ ಹೊರಹಾಕುತ್ತದೆ. ಇದೂ ಕೋನಿಫರ್ ಅಲ್ಲ. ಕಡಲ ದಂಡೆಯಲ್ಲಿ ತಾನಾಗಿ ಬೆಳೆಯುವ ಪೈನ್ ಕಾಡುಗಳೂ ಈ ಭೂಮಿಯ ಮೇಲೆ ಇವೆ ಎಂದು ಪಾಠ ಹೇಳುತ್ತಿದ್ದವಳು ನಾನು. ಕುವೈತಿನಲ್ಲಿ ಅಂಥದ್ದೊಂದೂ ಇಲ್ಲ, ಇರುವುದೆಲ್ಲ ವೇಷ. ಆದರೆ ವೇಷ ಹಾಕುವುದಕ್ಕೂ ಕಾರಣವಿದೆ. ಉಪ್ಪು ಗಾಳಿ, ಸುಡುವ ಬಿಸಿಲು, ನೀರಿಲ್ಲದ ಮರಳು. ಅಗಲ ಎಲೆ ಬಿಚ್ಚಿದವರಿಗೆ ಇಲ್ಲಿ ಉಳಿಗಾಲವಿಲ್ಲ. ಬದುಕಬೇಕೆಂದರೆ ಎಲೆಯನ್ನು ಸೂಜಿ ಮಾಡಿಕೊಳ್ಳಬೇಕು, ಇಲ್ಲವೇ ಹಲ್ಲು ಮಾಡಿಕೊಳ್ಳಬೇಕು.

ಕಡಲಿನ ಕಡೆ ಸಾಗುತ್ತಾ ಒಂದು ಸೋಜಿಗ ಕಂಡೆ. ಸರ್ವೆಯ ಬುಡದಲ್ಲಿ ಏನೂ ಬೆಳೆಯುವುದಿಲ್ಲ ಎಂದು ಹದಿನಾಲ್ಕು ವರ್ಷ ಬೋರ್ಡಿನ ಮೇಲೆ ಬರೆದವಳು ನಾನು. ರಸ್ತೆಯ ಕಡೆಯ ಸಾಲುಗಳಲ್ಲಿ ನನ್ನ ಮಾತು ಸುಳ್ಳಾಗಲಿಲ್ಲ. ಒಂದು ಗರಿಕೆಯೂ ಇರಲಿಲ್ಲ. ಕಡಲಿಗೆ ಹತ್ತಿರದ ಕೊನೆಯ ಸಾಲಿನಲ್ಲಿ ಮಾತ್ರ ಮರಗಳ ನಡುವೆ ಪೊದೆಗಳಿದ್ದವು. ಒಂದೊಂದೂ ತನ್ನದೇ ಮರಳಿನ ದಿಬ್ಬದ ಮೇಲೆ ಕೂತಿತ್ತು. ಬೂದು ಹಸಿರಿನ ದಪ್ಪ ಎಲೆ, ಮುಳ್ಳಿನಂಥ ತುದಿಯ ಬಿಳಿ ಕಡ್ಡಿ. ಫೋಟೋ ತೆಗೆದು ನಮ್ಮ ಕಟ್ಟಡದ ಕಾವಲುಗಾರ ಹಾರಿಸ್‌ಗೆ ತೋರಿಸಿದೆ. “ಘರ್ದಕ್” ಎಂದ, ಹಣ್ಣು ತಿನ್ನಬಹುದು ಎಂದು ಕೈಸನ್ನೆ ಮಾಡಿ ತೋರಿಸಿದ. ಪೊದೆಯ ನೆರಳಿನಲ್ಲಿ ಇನ್ನೂ ಏನೇನೋ ಇದ್ದವು. ಹಸಿರು ಮಣಿ ಪೋಣಿಸಿದಂಥ ಎಲೆಯ ಹರ್ಮ್, ನೆಲಕ್ಕೆ ಅಂಟಿದ ಹೆಸರು ಗೊತ್ತಿಲ್ಲದ ಒಂದೆರಡು ಸೊಪ್ಪು. ಫೆಬ್ರವರಿಯಲ್ಲಂತೂ ಕಂದು ಹಾಸನ್ನು ಸೀಳಿಕೊಂಡು ಒಂದು ಹಳದಿ ಹೂಗೊಂಚಲು ನೆಟ್ಟಗೆ ಎದ್ದು ನಿಂತಿತು. ಹಸಿರೆಂಬುದು ಅದರಲ್ಲಿ ಚೂರೂ ಇಲ್ಲ. ಪಕ್ಕದ ಗಿಡದ ಬೇರಿಗೆ ಬಾಯಿ ಹಾಕಿ ಬದುಕುವ ಪರಾವಲಂಬಿ. ಪುಸ್ತಕದಲ್ಲಿ ಮಾತ್ರ ನೋಡಿದ್ದೆ. ಅಂದು ಮೊಣಕಾಲೂರಿ ಕೂತು ಅದನ್ನು ನೋಡಿದ ಸಂತೋಷಕ್ಕೆ ಮಧ್ಯಾಹ್ನದ ಅಡುಗೆಯನ್ನೇ ಮರೆತೆ.

ಇನ್ನೂ ಒಂದು ಸಂಗತಿ ನನ್ನನ್ನು ಕಾಡುತ್ತಿತ್ತು. ಉಳಿದ ಸಾಲುಗಳೆಲ್ಲ ಹಗ್ಗ ಹಿಡಿದು ನೆಟ್ಟ ಹಾಗೆ ನೇರ. ಪೊದೆಗಳಿದ್ದ ಈ ಸಾಲು ಮಾತ್ರ ಸೊಟ್ಟ. ನೆಲದಡಿ ಪೈಪು ಒಡೆದು ಸಿಹಿನೀರು ಜಿನುಗುತ್ತಿರಬಹುದೇ? ಗೆರೆ ಎಳೆಯುವಾಗ ಬಂಡೆ ಸಿಕ್ಕಿತ್ತೇ? ಪ್ರತಿ ಶುಕ್ರವಾರ ಒಂದೊಂದು ಊಹೆ ಬರೆದುಕೊಂಡು ಬಂದೆ, ಮುಂದಿನ ಶುಕ್ರವಾರ ಹೊಡೆದುಹಾಕಿದೆ. ಸಿಸ್ಟರಿಗೆ ಶುಕ್ರವಾರ ಡ್ಯೂಟಿ. ಸಂಜೆ ಚಹಾಕ್ಕೆ ಬಂದಾಗ ನನ್ನ ವರದಿ ಕೇಳುತ್ತಿದ್ದರು, ಹಳದಿ ಹೂವಿನ ಫೋಟೋ ನೋಡಿ “ಇದೆಂತ ಮಾರಾಯ್ರೆ, ಜೋಳದ ತೆನೆಯ ಹಾಗೆ ಉಂಟು” ಎಂದು ಬೆರಗಾಗುತ್ತಿದ್ದರು.

ಫೆಬ್ರವರಿ ಕೊನೆಯ ಒಂದು ಸಂಜೆ ಅವರು ಚಹಾದ ಲೋಟವನ್ನು ಕೈಯಲ್ಲೇ ತಿರುಗಿಸುತ್ತಾ ಕೂತಿದ್ದರು.

“ಏಪ್ರಿಲ್‌ಗೆ ನನ್ನದು ಖಲಾಸ್ ಟೀಚರ್. ರಿಟೈರ್ಮೆಂಟ್ ಕಾಗದ ಬಂತು. ಇಕಾಮಾ ಮುಗಿಯುವುದರೊಳಗೆ ಹೋಗ್ಬೇಕು.” ಆಮೇಲೆ ಸೆರಗು ಸರಿಮಾಡಿಕೊಂಡು ಹೇಳಿದರು, “ನಿಮ್ಮ ಹತ್ರ ಒಂದು ಕೇಳ್ಬೇಕು. ನೀವು ಓದಿದವರು, ಹೇಳ್ತೀರಿ ಅಂತ ಧೈರ್ಯ.”

ಅವರ ಗಂಡ ಕುವೈತಿಗೆ ಬಂದದ್ದು ಕೊಲ್ಲಿ ಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ. ಮದುವೆಯಾಗಿ ನಾಲ್ಕು ತಿಂಗಳಿಗೇ ಹೊರಟವರು. ಗಿಡ ನೆಡುವ ಗುತ್ತಿಗೆಯ ಕಂಪನಿಯೊಂದರಲ್ಲಿ ಕೂಲಿ ಕೆಲಸ. ಎರಡು ವರ್ಷ ದುಡಿದು ರಜೆಗೆ ಬಂದವರಿಗೆ ಕಾಮಾಲೆಯಾಗಿ ಊರಿನಲ್ಲೇ ತೀರಿಕೊಂಡರು. ಅವರು ಇಲ್ಲಿಂದ ಬರೆದ ಕಾಗದಗಳನ್ನು ಊರ ಮನೆಯಲ್ಲಿ ಗೆದ್ದಲು ತಿಂದುಹಾಕಿತು. ಸಿಸ್ಟರಿಗೆ ಬಾಯಿಪಾಠವಾಗಿದ್ದಷ್ಟೇ ಉಳಿದದ್ದು. ಅದರಲ್ಲಿ ಒಂದು, ಎಗೈಲಾದ ಕಡಲ ಬದಿ, ಮಸೀದಿಯ ಹಿಂದೆ ನಾವು ಪೈನ್ ನೆಡುತ್ತಿದ್ದೇವೆ, ಒಂದು ದಿನ ಇದು ಕಾಡಾಗುತ್ತದೆ, ನಿನಗೆ ತೋರಿಸುತ್ತೇನೆ ಎಂಬುದು.

“ನರ್ಸ್ ಕೆಲಸ ನನಗೆ ಮಸ್ಕತ್ತಲ್ಲೂ ಸಿಗ್ತಿತ್ತು ಟೀಚರ್. ಇಲ್ಲಿಗೇ ಬಂದೆ. ಇಪ್ಪತ್ತಾರು ವರ್ಷ ಆ ಮರದ ಗೆಲ್ಲು ತಂದು ಗೋದಲಿಗೆ ಇಟ್ಟೆ. ಅವರದ್ದೇ ಅಂತ ಇಟ್ಟದ್ದು. ಹೋಗುವ ಮೊದಲು ಒಮ್ಮೆ ಒಳಗೆ ಹೋಗಿ ನೋಡ್ಬೇಕು ಅಂತ ಆಸೆ. ಮೂವತ್ತು ವರ್ಷ ಆಗಿರಬಹುದಾ ಆ ಮರಗಳಿಗೆ? ನಿಮಗೆ ನೋಡಿದ್ರೆ ಗೊತ್ತಾಗ್ತದಲ್ಲ.”

ಕೇಳಿದ್ದು ಮರದ ವಯಸ್ಸು. ಅದನ್ನಷ್ಟೇ ಹೇಳಬಹುದಿತ್ತು. ನನ್ನ ಕಿವಿಗೆ ಬಿದ್ದದ್ದು ಪೈನ್ ಎಂಬ ಒಂದೇ ಒಂದು ಮಾತು.

“ಪೈನಾ? ಅಲ್ಲಿ ಒಂದೂ ಪೈನ್ ಇಲ್ಲ ಸಿಸ್ಟರ್. ಅವತ್ತೇ ಹೇಳಿದ್ನಲ್ಲ, ಸರ್ವೆ ಕೋನಿಫರ್ ಅಲ್ಲ ಅಂತ. ಪೈನ್ ಅಂದ್ರೇನೇ ಕೋನಿಫರ್. ಅದಕ್ಕೆ ನಿಜವಾದ ಸೂಜಿ ಎಲೆ, ಎರಡು ಮೂರು ಜೊತೆಯಾಗಿ ಬರುತ್ತೆ. ಪೂರ್ತಿ ಬೇರೆ ವಂಶ” ಎಂದೆ. ಹೇಳುತ್ತಾ ಹೇಳುತ್ತಾ ಉತ್ಸಾಹ ಬಂತು. ಫೋನಿನಲ್ಲಿ ನಿಜವಾದ ಪೈನ್ ಮರದ ಚಿತ್ರ ಹುಡುಕಿ ಅವರ ಮುಂದೆ ಹಿಡಿದೆ.

ಸಿಸ್ಟರ್ ಚಿತ್ರವನ್ನು ನೋಡಿದರು. “ಇದು ಅಲ್ಲಿ ಇಲ್ವಾ?”

“ಒಂದೂ ಇಲ್ಲ. ಎರಡು ತಿಂಗಳಿಂದ ನೋಡ್ತಿದ್ದೀನಲ್ಲ.”

“ಹಾಗಾದ್ರೆ ಅವರು ನೆಟ್ಟದ್ದು ಬೇರೆ ಎಲ್ಲಿಯೋ. ಇಲ್ಲಾ ಸತ್ತುಹೋಗಿರ್ಬೇಕು” ಎಂದು ಲೋಟ ಕೆಳಗಿಟ್ಟರು. ಚಹಾ ಅರ್ಧ ಉಳಿದಿತ್ತು. ಬಾಗಿಲವರೆಗೆ ಹೋಗಿ ತಿರುಗಿ, “ಥ್ಯಾಂಕ್ಸ್ ಟೀಚರ್” ಎಂದರು. ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಆಮೇಲೆ ಅವರು ಚಹಾಕ್ಕೆ ಬರುವುದು ನಿಂತಿತು. ಲಿಫ್ಟಿನಲ್ಲಿ ಸಿಕ್ಕರೆ ನಗುತ್ತಿದ್ದರು, ಪ್ಯಾಕಿಂಗ್ ಉಂಟು ಎನ್ನುತ್ತಿದ್ದರು. ನಡೆದದ್ದನ್ನು ಗಂಡನಿಗೆ ಹೇಳಿದೆ. ಅವರು ನನ್ನನ್ನು ನೋಡಿ, “ನೀನು ಹೇಳಿದ್ದರಲ್ಲಿ ತಪ್ಪೇನಿಲ್ಲ ಕಣೆ. ಆದ್ರೆ ಹೇಳ್ದೆ ಇದ್ದಿದ್ರೂ ಯಾರ ಗಂಟೂ ಹೋಗ್ತಿರ್ಲಿಲ್ಲ” ಎಂದರು. ನನಗೆ ಮೈಯೆಲ್ಲ ಉರಿಯಿತು, ಅವರ ಮೇಲಲ್ಲ.

ಮಾರ್ಚಿನ ಶುಕ್ರವಾರಗಳಲ್ಲಿ ನಾನು ತೋಪಿಗೆ ಹೋದದ್ದು ಒಂದೇ ಹಟಕ್ಕೆ. ಒಂದಾದರೂ ಪೈನ್ ಸಿಗಬೇಕು. ಒಂದು ಮರ ಸಾಕು, ಕೈಹಿಡಿದು ಕರೆದುಕೊಂಡು ಬಂದು ತೋರಿಸುತ್ತೇನೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಒಂದೊಂದು ಸಾಲೂ ನಡೆದೆ. ಮರ ನೋಡುವುದಕ್ಕಿಂತ ನೆಲ ನೋಡುವುದು ಸುಲಭ ಎಂದು ತಿಳಿದು ಬಿದ್ದ ಎಳೆಗಳನ್ನು ಕೈಯಲ್ಲಿ ಬಾಚಿ ಬಾಚಿ ನೋಡಿದೆ. ಪೈನಿನ ಸೂಜಿಯಾದರೆ ಗಿಣ್ಣಿರುವುದಿಲ್ಲ, ಬುಡದಲ್ಲಿ ಎರಡು ಕೂಡಿಕೊಂಡಿರುತ್ತವೆ. ನನ್ನ ಕೈಗೆ ಬಂದದ್ದೆಲ್ಲ ಗಿಣ್ಣೇ. ಒಣಗಿದ ಕಾಯಿಗಳೂ ಸರ್ವೆಯವೇ. ಸತ್ತ ಮರದ ಮೋಟು ಸಿಗಬಹುದೇ ಎಂದು ಹುಡುಕಿದೆ. ಮೂರು ಸಿಕ್ಕವು, ಮೂರೂ ಸರ್ವೆ. ನಾನು ಹೇಳಿದ್ದು ನೂರಕ್ಕೆ ನೂರು ಸರಿ ಎಂದು ಸಾಬೀತಾಯಿತು. ಸರಿಯಾಗಿದ್ದಕ್ಕೆ ಅಷ್ಟು ಬೇಸರ ನನಗೆ ಹಿಂದೆಂದೂ ಆಗಿರಲಿಲ್ಲ.

ಏಪ್ರಿಲ್ ಮೊದಲ ವಾರ ನಮ್ಮ ಬಾಲ್ಕನಿಯ ಕರಿಬೇವು ಒಣಗಿತು. ಹೊಸದೊಂದು ತರಲು ಗಂಡನೊಂದಿಗೆ ಗಿಡದ ಮಾರ್ಕೆಟ್ಟಿಗೆ ಹೋದೆ. ಒಂದು ಅಂಗಡಿಯ ಹಿಂಭಾಗದಲ್ಲಿ ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ಸರ್ವೆ ಸಸಿಗಳು ಸಾಲಾಗಿದ್ದವು, ಮೊಣಕಾಲೆತ್ತರ. ಅವುಗಳ ಮುಂದೆ ಮಣ್ಣಿಗೆ ಸಿಕ್ಕಿಸಿದ ತಗಡಿನ ಚೂರಿನ ಮೇಲೆ ಇಂಗ್ಲಿಷಿನಲ್ಲಿ ಬಣ್ಣದಿಂದ ಬರೆದಿತ್ತು: ಪೈನ್.

ಆ ಹೆಸರನ್ನು ಎರಡು ಸಲ ಓದಿದೆ. ಆದರೂ ಅಭ್ಯಾಸ ಬಿಡುತ್ತದೆಯೇ? “ಯೇ ಪೈನ್ ನಹೀ ಹೈ ಭಾಯಿ” ಎಂದೆ.

ನೀರು ಹಾಕುತ್ತಿದ್ದ ಬಾಂಗ್ಲಾದೇಶದ ಮುದುಕ ಪೈಪು ಕೆಳಗಿಟ್ಟು ಬಂದ. ತಗಡನ್ನು ನೋಡಿದ, ಸಸಿಯನ್ನು ನೋಡಿದ, ನನ್ನನ್ನು ನೋಡಿದ. “ಪೈನ್ ಹೀ ಹೈ ಮೇಡಂ. ಆಸ್ಟ್ರೇಲಿಯಾ ಪೈನ್.” ಕಂಪನಿಯವರು ಲೋಡುಗಟ್ಟಲೆ ಒಯ್ಯುವಾಗ ಚೀಟಿಯಲ್ಲಿ ಬರೆಯುವುದೂ ಇದನ್ನೇ, ತಾನು ಬಂದ ಮೊದಲ ದಿನದಿಂದ ಕೇಳಿದ್ದೂ ಇದನ್ನೇ ಎಂದ. ಯಾವಾಗ ಬಂದದ್ದು ಎಂದು ಕೇಳಿದೆ. ಯುದ್ಧ ಮುಗಿದ ಮಾರನೆಯ ವರ್ಷ ಎಂದ. ನನ್ನ ಸರ್ವೆ ಅವನಿಗೆ ಗೊತ್ತಿರಲಿಲ್ಲ, ಸಿಸ್ಟರ ಗಾಳಿ ಮರವೂ ಗೊತ್ತಿರಲಿಲ್ಲ. ಗಿಡ ನೆಟ್ಟವರ ಬಾಯಲ್ಲಿ ಅದು ಪೈನ್.

ನಾನು ನಾಲಿಗೆ ಕಚ್ಚಿಕೊಂಡೆ. ಸಿಸ್ಟರ ಗಂಡ ತಪ್ಪು ಬರೆದಿರಲಿಲ್ಲ. ಊರಿನಲ್ಲಿ ಕಡಲ ಬದಿ ಗಾಳಿ ಮರ ನೋಡಿಯೇ ಬೆಳೆದವರು, ಅವರಿಗೆ ಅದರ ಗುರುತು ಸಿಗದೆ ಇರುತ್ತದೆಯೇ? ಕೆಲಸದ ಜಾಗದ ಹೆಸರನ್ನು ಹೊಸ ಹೆಂಡತಿಗೆ ಸ್ವಲ್ಪ ಜಂಬದಿಂದ ಬರೆದಿದ್ದರು, ಅಷ್ಟೇ. ನನ್ನ ಗಂಡ ಲಂಚ್ ಎನ್ನುತ್ತಾರೆ, ತಿನ್ನುವುದು ಮೊಸರನ್ನವೇ. ಅದಕ್ಕೆ ನಾನು ಯಾವತ್ತೂ ಪಾಠ ಮಾಡಿಲ್ಲ. ಕರಿಬೇವು ಕೊಳ್ಳುವುದನ್ನು ಮರೆತು ಮನೆಗೆ ಬಂದೆವು.

ಬಟ್ಟೆಯನ್ನೂ ಬದಲಿಸದೆ ಏಳನೇ ಮಹಡಿಗೆ ಹೋದೆ. ಸಿಸ್ಟರ್ ಪೆಟ್ಟಿಗೆಗಳ ನಡುವೆ ನೆಲದ ಮೇಲೆ ಕೂತಿದ್ದರು. ಅವರು ಹೊರಡಲು ಇನ್ನು ಒಂಬತ್ತು ದಿನ ಉಳಿದಿತ್ತು. ನಾನು ನಿಂತೇ ಎಲ್ಲವನ್ನೂ ಹೇಳಿದೆ, ತಗಡಿನ ಚೂರು, ಮುದುಕ, ಆಸ್ಟ್ರೇಲಿಯಾ ಪೈನ್. “ನಾನು ಪುಸ್ತಕದ ಹೆಸರು ಹೇಳಿದೆ ಸಿಸ್ಟರ್. ಅವರು ನೆಟ್ಟವರ ಹೆಸರು ಬರೆದಿದ್ರು. ಕ್ಷಮಿಸಿ. ನನ್ನದು ಬಾಯಿ ಜಾಸ್ತಿ.”

ಅವರು ಟೇಪು ಕತ್ತರಿಸುವುದನ್ನು ನಿಲ್ಲಿಸಲಿಲ್ಲ. “ಆದರೂ ಅದೇ ಮರ ಅಂತ ಹೇಗೆ ಹೇಳುವುದು ಟೀಚರ್? ಎಷ್ಟೋ ಜನ ನೆಟ್ಟಿರ್ತಾರೆ, ಎಷ್ಟೋ ಕಡೆ. ಇರ್ಲಿ ಬಿಡಿ.”

“ಒಳಗೆ ಹೋಗಿ ನೋಡ್ಬೇಕು ಅಂದಿದ್ರಲ್ಲ. ಬನ್ನಿ, ನಾನು ಕೈ ಹಿಡ್ಕೋತೀನಿ.”

ಅವರಿಗೆ ಮನಸ್ಸಿರಲಿಲ್ಲ. ನನ್ನ ಕಾಟ ತಾಳಲಾರದೆ ಎರಡು ದಿನ ಬಿಟ್ಟು ಬೆಳಗ್ಗೆ ಹೊರಟರು. ಗಂಡ ಕಾರಿನಲ್ಲಿ ಮಸೀದಿಯವರೆಗೆ ಬಿಟ್ಟುಹೋದರು. ಮರಳಿನಲ್ಲಿ ಅವರು ಹತ್ತು ಹೆಜ್ಜೆಗೊಮ್ಮೆ ನಿಂತು ನನ್ನ ಭುಜ ಹಿಡಿದುಕೊಳ್ಳುತ್ತಿದ್ದರು. ಇಪ್ಪತ್ತಾರು ವರ್ಷ ಅಂಚಿನಲ್ಲೇ ನಿಂತು ಹೋದ ತೋಪಿನೊಳಗೆ ಈಗ ಮೊದಲ ಸಲ ಬಂದಿದ್ದರು. ತಲೆ ಎತ್ತಿ ಸದ್ದು ಕೇಳಿದರು. “ಊರಿನದ್ದೇ ಸ್ವರ” ಎಂದರು. ಮರಗಳನ್ನು ಮುಟ್ಟಿ ನೋಡುತ್ತಾರೇನೋ ಎಂದುಕೊಂಡೆ. ಮುಟ್ಟಲಿಲ್ಲ. ಬೇರೆಯವರ ಮನೆಯ ಸಾಮಾನು ನೋಡುವವರ ಹಾಗೆ ಕೈಕಟ್ಟಿಕೊಂಡು ನೋಡಿದರು.

ಆ ನೋಟ ನನ್ನಿಂದ ತಾಳಲಾಗಲಿಲ್ಲ. ಮಾತಾಡತೊಡಗಿದೆ. ಕಡಲಿನ ಕಡೆಯ ಕೊನೆಯ ಸಾಲಿಗೆ ಕರೆದೊಯ್ದು, ನಾನು ಫೋಟೋ ತೋರಿಸಿದ ಗಿಡಗಳೆಲ್ಲ ಇಲ್ಲಿವೆ ನೋಡಿ ಎಂದೆ. ಹಳದಿ ಹೂ ಒಣಗಿ ಕಪ್ಪಾಗಿತ್ತು. ಘರ್ದಕ್ ಪೊದೆಗಳಲ್ಲಿ ಬಟಾಣಿಗಿಂತ ಚಿಕ್ಕ ಕಾಯಿಗಳು ಹಿಡಿದು, ಕೆಲವು ಆಗಲೇ ಬಣ್ಣ ತಿರುಗಿದ್ದವು.

“ಈ ಸಾಲು ಮಾತ್ರ ನಂಗೆ ಅರ್ಥ ಆಗಿಲ್ಲ ಸಿಸ್ಟರ್. ಬೇರೆಲ್ಲ ನೇರ ಇದೆ. ಇದನ್ನ ನೆಟ್ಟೋನಿಗೆ ಹಗ್ಗ ಹಿಡಿಯೋಕೂ ಬರ್ತಿರ್ಲಿಲ್ಲ ಅನ್ಸುತ್ತೆ. ಹಾವು ಹರಿದ ಹಾಗಿದೆ.”

ಹೇಳಿ ಮುಗಿಸುವಷ್ಟರಲ್ಲಿ ನನ್ನ ಮಾತು ನನಗೇ ಚುಚ್ಚಿತು. ನೆಟ್ಟವನು ಯಾರಿರಬಹುದು ಎಂದು ಯೋಚಿಸಬೇಕಾದದ್ದು ಬಾಯಿ ತೆರೆಯುವ ಮೊದಲು. ಸಿಸ್ಟರ್ ಮಾತ್ರ ಸಿಟ್ಟಾಗಲಿಲ್ಲ. ಪೊದೆಯನ್ನೇ ನೋಡುತ್ತಿದ್ದರು.

“ಇದರ ಹಣ್ಣು ಕೆಂಪಾ ಟೀಚರ್?”

“ಪೂರ್ತಿ ಮಾಗಿದ ಮೇಲೆ ಕೆಂಪು.”

“ಮರ ನೆಡುವಾಗ ಈ ಪೊದೆ ಇತ್ತಾ? ಇಲ್ಲಾ ಆಮೇಲೆ ಬಂದದ್ದಾ?”

ಅದನ್ನು ನಾನು ಯೋಚಿಸಿರಲಿಲ್ಲ. ಕೂತು ಬುಡ ನೋಡಿದೆ. ಪೊದೆ ಗಾಳಿಯ ಮರಳನ್ನು ಹಿಡಿದ ಹಾಗೆಲ್ಲ ದಿಬ್ಬ ಬೆಳೆಯುತ್ತದೆ. ಇಷ್ಟು ದೊಡ್ಡ ದಿಬ್ಬ ಕಟ್ಟಲು ಬಹಳ ವರ್ಷ ಬೇಕು. ಪಕ್ಕದ ಮರ ನೆಟ್ಟದ್ದು ದಿಬ್ಬದ ಇಳಿಜಾರಿನ ಆಚೆ, ಅದರ ಬೇರು ದಿಬ್ಬವನ್ನು ಬಳಸಿಕೊಂಡು ಹೋಗಿದೆ. ಸಾಲು ಸೊಟ್ಟಗಾಗಿರುವುದು ಪೊದೆಯಿದ್ದ ಕಡೆ ಮಾತ್ರ. ಪೊದೆ ದಾಟಿದ ಮೇಲೆ ಮತ್ತೆ ಗೆರೆಗೆ ಬರುತ್ತದೆ. ಎರಡು ತಿಂಗಳು ಪೈಪು, ಬಂಡೆ ಎಂದು ತಲೆ ಕೆಡಿಸಿಕೊಂಡಿದ್ದೆ.

“ಪೊದೆ ಮೊದಲು ಸಿಸ್ಟರ್. ಮರ ಆಮೇಲೆ. ಕೀಳೋ ಬದಲು ಸುತ್ತಿಕೊಂಡು ನೆಟ್ಟಿದ್ದಾರೆ.”

ಸಿಸ್ಟರ್ ಮೊಣಕಾಲಿನ ನೋವನ್ನೂ ಲೆಕ್ಕಿಸದೆ ಮರಳಿನ ಮೇಲೆ ಕೂತರು. ಆಮೇಲೆ, ಹೇಳುತ್ತಿರುವುದು ನನಗಲ್ಲ ಎನ್ನುವ ಹಾಗೆ, ನಿಧಾನಕ್ಕೆ ಹೇಳಿದರು.

“ಫೋರ್‌ಮನ್ ಬೈದ ಅಂತ ಒಂದು ಕಾಗದದಲ್ಲಿ ಬರೆದಿದ್ರು. ಲೈನಲ್ಲಿ ಪೊದೆ ಬಂದ್ರೆ ಕಿತ್ತು ಬಿಸಾಡ್ಬೇಕು ಅಂತ ಆರ್ಡರ್ ಅಂತೆ. ಇವರು ಕೀಳಲಿಲ್ಲ. ಕೆಂಪು ಹಣ್ಣು ಬಿಟ್ಟಿದೆ, ಹಣ್ಣು ಬಿಟ್ಟ ಗಿಡ ಹೇಗೆ ಕೀಳುವುದು ಅಂತ ಗುಂಡಿಯನ್ನೇ ಆಚೆ ಸರಿಸಿ ತೋಡಿದ್ರಂತೆ. ಇನ್ನು ಹೀಗೆ ಮಾಡಿದ್ರೆ ಊರಿಗೆ ಕಳಿಸ್ತೇನೆ ಅಂದನಂತೆ ಫೋರ್‌ಮನ್.”

“ನೀವು ಇದನ್ನ ಹೇಳೇ ಇರ್ಲಿಲ್ಲವಲ್ಲ.”

“ಹೇಳುವುದೆಂತ? ನನಗೆ ಸಿಟ್ಟು ಬಂದಿತ್ತು ಟೀಚರ್. ನನಗೆ ಆಗ ಇಪ್ಪತ್ತಮೂರು. ಕಾಡು ಪೊದೆಗೋಸ್ಕರ ಕೆಲಸ ಕಳ್ಕೊಳ್ತೀರಾ, ನಿಮಗೆ ಬುದ್ಧಿ ಉಂಟಾ, ಕಿತ್ತು ಬಿಸಾಡಿ, ಹೇಳಿದ ಹಾಗೆ ಕೆಲಸ ಮಾಡಿ ಅಂತ ದೊಡ್ಡ ಕಾಗದ ಬರೆದೆ. ಅದಕ್ಕೆ ಅವರು ಉತ್ತರ ಬರೀಲಿಲ್ಲ. ಮತ್ತಿನ ಯಾವ ಕಾಗದದಲ್ಲೂ ಆ ಪೊದೆಯ ಸುದ್ದಿ ಇಲ್ಲ. ಕಿತ್ತು ಹಾಕಿರ್ಬೇಕು ಅಂತ ತಿಳ್ಕೊಂಡೆ. ನನ್ನ ಮಾತಿಗೆ ಕಿತ್ತು ಹಾಕಿರ್ಬೇಕು ಅಂತ. ಅವರು ಹೋದ ಮೇಲೆ ಅದೊಂದು ಯೋಚನೆ ಆಗಾಗ ಬರ್ತಿತ್ತು.”

ಅವರು ಸಾಲಿನ ಉದ್ದಕ್ಕೂ ಕಣ್ಣು ಹಾಯಿಸಿದರು. ಹತ್ತಿರದ ಪೊದೆಯಿಂದ ಶುರುಮಾಡಿ ಬೆರಳು ಮಡಚುತ್ತಾ ಎಣಿಸಿದರು. ಆ ಸೊಟ್ಟ ಸಾಲಿನಲ್ಲಿ ಆರು ಪೊದೆಗಳಿದ್ದವು, ಆರು ಕಡೆಯೂ ಮರ ಪಕ್ಕಕ್ಕೆ ಸರಿದಿತ್ತು. ನನಗೆ ಅಳು ಬಂತು. ಅವರು ಅಳುತ್ತಿರಲಿಲ್ಲ. ಮುಖ ಕೆಂಪಾಗಿ, ಈಗಷ್ಟೇ ಮದುವೆಯಾದವರ ಹಾಗೆ ನಾಚಿಕೊಂಡಂತಿತ್ತು.

“ಒಂದನ್ನೂ ಕೀಳಲಿಲ್ಲ ನೋಡಿ ಟೀಚರ್” ಎಂದರು. “ನನ್ನ ಮಾತು ಕೇಳಲೇ ಇಲ್ಲ.”